ಹೈಫಾ ಕದನ ಮತ್ತು ಮೈಸೂರು ಲ್ಯಾನ್ಸರ್ಸ್
1. ಯಹೂದಿ ಇತಿಹಾಸ: ಜೆರುಸಲೇಮಿನ ಮೊದಲ ದೇವಾಲಯ ಕೆಡವಿದ್ದು ಬ್ಯಾಬಿಲೋನಿಯನ್ನರು (ಕ್ರಿ.ಪೂ. 586), ಎರಡನೆಯದನ್ನು ರೋಮನ್ನರು (ಕ್ರಿ.ಶ. 70). ಬಾಲ್ಫೋರ್ ಘೋಷಣೆ (ಪ್ಯಾಲೆಸ್ಟೈನ್‌ನಲ್ಲಿ ಯಹೂದಿ ನೆಲೆಗೆ ಬ್ರಿಟನ್ನಿನ ಬೆಂಬಲ): 2-11-1917. ಇಸ್ರೇಲ್ ಸ್ಥಾಪನೆ: 14-5-1948.

2. ಹೈಫಾ (ಇಂದಿನ ಇಸ್ರೇಲ್‌ನ ನಗರ) ಕದನ: 23-9-1918, ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ ಪಡೆಯ ವಿರುದ್ಧ. ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಕುದುರೆಪಡೆ) ಕಾರ್ಮೆಲ್ ಬೆಟ್ಟವೇರಿ ಫಿರಂಗಿ ವಶಪಡಿಸಿಕೊಂಡರು. ಜೋಧಪುರ ಲ್ಯಾನ್ಸರ್ಸ್ ಊರೊಳಗೆ ನುಗ್ಗಿದರು. ಎದುರಿಗೆ ಮೆಷಿನ್‌ಗನ್, ಇವರ ಕೈಯಲ್ಲಿ ಈಟಿ!

• ಆಗ ಮೈಸೂರು ಸಂಸ್ಥಾನದ ಅರಸರು: ನಾಲ್ವಡಿ ಕೃಷ್ಣರಾಜ ಒಡೆಯರ್.

3. ಗೊಂದಲ ಬೇಡ: ‘ಹೈಫಾ ವೀರ’ ಮೇಜರ್ ದಲಪತ್ ಸಿಂಗ್ ಜೋಧಪುರದವರು, ಮೈಸೂರಿನವರಲ್ಲ.

• ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು: ಮೈಸೂರು, ಜೋಧಪುರ, ಹೈದರಾಬಾದ್ ಪಡೆಗಳವು. ಆ ವೃತ್ತದ ಹೆಸರು 2018ರಿಂದ ‘ತೀನ್ ಮೂರ್ತಿ ಹೈಫಾ ಚೌಕ್’.

• ಭಾರತ ಇಸ್ರೇಲ್‌ಗೆ ಮಾನ್ಯತೆ ಕೊಟ್ಟಿದ್ದು 1950; ಪೂರ್ಣ ರಾಜತಾಂತ್ರಿಕ ಸಂಬಂಧ 1992.