ಹಾಡಿನ ಭಾವ ಎಲ್ಲಿಂದ ಬರುತ್ತದೆ?



ತರಂಗಗಳ ಅಧ್ಯಾಯ ಮುಗಿದ ಮೇಲೆ ತರಗತಿಯಲ್ಲಿ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ. ಶಬ್ದವೆಂದರೆ ಗಾಳಿಯ ಕಂಪನ ತಾನೆ? ಹಾಗಾದರೆ ಮಾತೇ ಇಲ್ಲದ ವಾದ್ಯಸಂಗೀತ ಒಮ್ಮೆ ಸಂತೋಷವಾಗಿ, ಒಮ್ಮೆ ದುಃಖವಾಗಿ ಕೇಳಿಸುವುದೇಕೆ?

ಕನ್ನಡದಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಅವರದು ಶಹನಾಯಿ ವಾದಕನ ಪಾತ್ರ. ಚಿತ್ರಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಮದುವೆಮನೆಗೆ ಕಳೆ ತರುವ ಶಹನಾಯಿಯೇ ಸಿನಿಮಾದ ಅಗಲಿಕೆಯ ದೃಶ್ಯದಲ್ಲಿ ಕಣ್ಣು ತುಂಬಿಸುತ್ತದೆ. ವಾದ್ಯ ಒಂದೇ, ನುಡಿಸುವ ರೀತಿ ಬೇರೆ. ಆ ರೀತಿಯಲ್ಲಿ ಮೂರು ಅಂಶಗಳನ್ನು ಗಮನಿಸಿ.

1. ವೇಗ: ಚುರುಕಾದ ನಡೆ ಸಂತೋಷವಾಗಿಯೂ ನಿಧಾನ ನಡೆ ದುಃಖ ಅಥವಾ ಶಾಂತವಾಗಿಯೂ ಕೇಳಿಸುತ್ತದೆ.

2. ಗಟ್ಟಿತನ ಮತ್ತು ಸ್ಥಾಯಿ: ಜೋರಾದ, ಒರಟು ದನಿಯಲ್ಲಿ ಕೋಪ ಕಾಣುತ್ತದೆ, ಮೆಲುವಾದ, ತಗ್ಗಿದ ದನಿಯಲ್ಲಿ ದುಃಖ.

3. ಸ್ವರಗಳ ಆಯ್ಕೆ: ಮೋಹನ ರಾಗಕ್ಕೆ ಐದೇ ಸ್ವರಗಳು: ಸ ರಿ ಗ ಪ ದ. ಅದರ ಗಾಂಧಾರವೊಂದನ್ನು ತಗ್ಗಿಸಿದರೆ ಶಿವರಂಜನಿಯಾಗುತ್ತದೆ. ಷಡ್ಜ 240 ಹರ್ಟ್ಜ್ ಆದರೆ ಮೋಹನದ ಗಾಂಧಾರ ಸುಮಾರು 300, ಶಿವರಂಜನಿಯದು ಸುಮಾರು 288. ಹನ್ನೆರಡು ಹರ್ಟ್ಜ್ ಇಳಿದದ್ದಕ್ಕೆ ಉಲ್ಲಾಸ ಹೋಗಿ ಕರುಣೆ ಬಂತು! ಇದರಲ್ಲಿ ರೂಢಿಯ ಪಾಲೂ ಇದೆ. ಸಿನಿಮಾಗಳು ಶಿವರಂಜನಿಯನ್ನು ದುಃಖದ ಹಾಡುಗಳಲ್ಲಿ ಬಹಳ ಬಳಸಿವೆ.

ಹಾಗಾದರೆ ಎಲ್ಲವೂ ರೂಢಿಯೇ? ಅಲ್ಲ. ಕೆನಡಾದ ಸಂಶೋಧಕರಾದ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಹಿಂದೂಸ್ತಾನಿ ರಾಗಗಳ ಪರಿಚಯವಿಲ್ಲದವರಿಗೆ ಅವುಗಳನ್ನು ಕೇಳಿಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೇಳಿದವರು ಸಂತೋಷ, ದುಃಖ, ಕೋಪಗಳನ್ನು ಗುರುತಿಸಿದ್ದರು. ವೇಗವಾದ, ಸರಳವಾದ ರಾಗ ಅವರಿಗೆ ಸಂತೋಷವಾಗಿ ಕೇಳಿಸಿತ್ತು. ನಿಧಾನವಾದ, ಜಟಿಲವಾದದ್ದು ದುಃಖವಾಗಿ.

ಇದಕ್ಕೊಂದು ಕಾರಣ ನಮ್ಮ ಮಾತಿನಲ್ಲೇ ಇದೆ. ಖುಷಿಯಲ್ಲಿ ನಾವು ಬೇಗ ಬೇಗ, ಎತ್ತರದ ದನಿಯಲ್ಲಿ ಮಾತಾಡುತ್ತೇವೆ. ಬೇಸರದಲ್ಲಿ ಮಾತು ನಿಧಾನವಾಗುತ್ತದೆ, ದನಿ ಕುಗ್ಗುತ್ತದೆ. ‘ಸರಿ, ಬರ್ತೀನಿ’ ಎಂಬುದನ್ನು ಎರಡೂ ರೀತಿಯಲ್ಲಿ ಹೇಳಿ ನೋಡಿ. ಸಂಗೀತದಲ್ಲೂ ಕಿವಿ ಇದೇ ಗುರುತುಗಳನ್ನು ಹಿಡಿಯುತ್ತದೆ.

ಕೊನೆಗೊಂದು ಮುಖ್ಯ ವಿಷಯ. ಹಾಡಿನಲ್ಲಿ ಗುರುತಿಸುವ ಭಾವ ಬೇರೆ, ಕೇಳುವವರ ಮನಸ್ಸಿನ ಭಾವ ಬೇರೆ. ಯಲಹಂಕದಿಂದ ಹೆಬ್ಬಾಳದವರೆಗೆ ಬಸ್ಸಿನಲ್ಲಿ ದುಃಖದ ಹಾಡನ್ನೇ ಕೇಳುವ ಗೆಳತಿ ನೆಮ್ಮದಿಯಾಗಿರಬಹುದು. ಕುಣಿಯುವ ಹಾಡು ಹಾಕಿಕೊಂಡವನು ಪರೀಕ್ಷೆಯ ಚಿಂತೆಯಲ್ಲಿ ಬಳಲುತ್ತಿರಬಹುದು. ಆದ್ದರಿಂದ ಹಾಡಿನ ಪಟ್ಟಿ ನೋಡಿ ಯಾರ ಮನಸ್ಸನ್ನೂ ಅಳೆಯಬೇಡಿ. ಜೊತೆಗಾರರ ಮಾತು ದಿನಗಟ್ಟಲೆ ನಿಧಾನವಾಗಿ, ದನಿ ಕುಗ್ಗಿದ್ದರೆ ಮಾತ್ರ ಸುಮ್ಮನಿರಬೇಡಿ. ಪಕ್ಕದಲ್ಲಿ ಕುಳಿತು ‘ಏನಾಯ್ತು?’ ಎಂದು ಕೇಳಿ. ನಮ್ಮಲ್ಲಿ ಯಾರಾದರೊಬ್ಬ ಉಪನ್ಯಾಸಕರಿಗೂ ತಿಳಿಸಿ.