ತೋಟದ ಏರಿಗೆ ಪೆಟ್ರೋಲೋ, ಡೀಸೆಲ್ಲೋ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟ ಕಣಿವೆಯ ತಳದಲ್ಲಿ, ಮನೆ ಅಂಗಳ ಮೇಲೆ. ಸಣ್ಣ ಸರಕು ಗಾಡಿ ಕೊಳ್ಳುವವರು ದೇವಿಮನೆ, ಅರಬೈಲ್ ಘಟ್ಟದ ಚಿಂತೆ ಮಾಡುತ್ತಾರೆ. ಆದರೆ ಘಟ್ಟವನ್ನು ವೇಗ ಹಿಡಿದು ಹತ್ತಬಹುದು. ತೋಟದ ಮಣ್ಣಿನ ಏರಿನಲ್ಲಿ ಹಸಿ ಕೊನೆ ತುಂಬಿದ ಗಾಡಿ ನಿಂತಲ್ಲಿಂದಲೇ ಏಳಬೇಕು.

ಹಾಗಾಗಿ ಮೊದಲು ಏರು ಅಳೆಯಿರಿ. ಮೇಸ್ತ್ರಿಯ ಹತ್ತಿರ ಇರುವ ನೀರಿನ ಲೆವೆಲ್ ಪೈಪ್ ಸಾಕು. ಅತಿ ಕಡಿದಾದ ಕಡೆ ಹತ್ತು ಅಡಿಗೆ ಒಂದಡಿ ಏರಿದೆ ಎನ್ನಿ. ಗಾಡಿ ಒಂದು ಟನ್, ಲೋಡು 700 ಕಿಲೋ ಆದರೆ ಆ ಏರೊಂದೇ ಸುಮಾರು 170 ಕಿಲೋ ಭಾರದಷ್ಟು ಹಿಂದಕ್ಕೆ ಜಗ್ಗುತ್ತದೆ. ಸಡಿಲ ಮಣ್ಣಿನ ಜಗ್ಗಾಟ ಬೇರೆ.

ಮಾಹಿತಿ ಪತ್ರ ಕೈಗೆ ಬಂದಾಗ ಎಚ್‌ಪಿ ಬಿಟ್ಟು ಟಾರ್ಕ್ (ಎಂಜಿನ್ ತಿರುಗಿಸುವ ಬಲ) ನೋಡಿ, ಅದು ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತದೆ ಎಂದೂ ನೋಡಿ. ಡೀಸೆಲ್ ಎಂದರೆ ಹೆಚ್ಚು ಎಳೆಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ನಿಜವಲ್ಲ. ಟಾಟಾ ಏಸ್ ಗೋಲ್ಡ್‌ನ ಪೆಟ್ರೋಲ್ ಎಂಜಿನ್ ಸುಮಾರು 55 ನ್ಯೂಟನ್ ಮೀಟರ್ ಕೊಡುತ್ತದೆ, ಅದರದೇ ಸಣ್ಣ ಡೀಸೆಲ್ ಸುಮಾರು 45. ಮಾರುತಿ ಸೂಪರ್ ಕ್ಯಾರಿ ಪೆಟ್ರೋಲ್‌ನಲ್ಲಿ 100ರ ಆಸುಪಾಸು, ಆದರೆ ಅದಕ್ಕೆ 3,000 ಆರ್‌ಪಿಎಂ ಹತ್ತಿರ ಹೋಗಬೇಕು. ಮಹೀಂದ್ರ ಬೊಲೆರೊ ಪಿಕಪ್‌ನ ಎರಡೂವರೆ ಲೀಟರ್ ಟರ್ಬೊ ಡೀಸೆಲ್ 200ರ ಹತ್ತಿರ, ಅದೂ 1,500ರ ಆಸುಪಾಸಿನಲ್ಲೇ. ಹೀಗೆ ಕಡಿಮೆ ಆರ್‌ಪಿಎಂನಲ್ಲೇ ಬಲ ಸಿಕ್ಕರೆ ಕ್ಲಚ್ ಪ್ಲೇಟ್ ಉಳಿಯುತ್ತದೆ. ಅಮೆರಿಕದಲ್ಲಿ ಭಾರದ ಟ್ರೈಲರ್ ಎಳೆಯಲು ಫೋರ್ಡ್‌ನ 7.3 ಲೀಟರ್ ಪೆಟ್ರೋಲ್ ಎಂಜಿನ್ ಇದೆ; ಪೆಟ್ರೋಲ್ ಎಳೆಯುವುದೇ ಇಲ್ಲ ಎನ್ನುವಂತಿಲ್ಲ, ಗಾತ್ರ ಬೇಕು, ಕುಡಿಯಲು ಎಣ್ಣೆಯೂ ಬೇಕು.

ಅಡಿಕೆ ಮೇಲೆ ಬರುತ್ತದೆ, ಗೊಬ್ಬರ ಕೆಳಗೆ ಹೋಗುತ್ತದೆ. ಇಳಿಯುವಾಗ ಗೇರಿನ ಹಿಡಿತ ಮುಖ್ಯ. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್‌ಗೆ ಗಾಳಿಯ ದಾರಿ ಮುಚ್ಚುವುದರಿಂದ, ಅದೇ ಗಾತ್ರದ ಡೀಸೆಲ್‌ಗಿಂತ ಚೆನ್ನಾಗಿ ತಡೆಯುತ್ತದೆ. ಯಾವುದೇ ಆಗಲಿ, ಹತ್ತಿದ ಗೇರಿನಲ್ಲೇ ಇಳಿಯಿರಿ; ನ್ಯೂಟ್ರಲ್ ಬೇಡವೇ ಬೇಡ.

2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಡೀಸೆಲ್ ಗಾಡಿಯಲ್ಲಿ ಡಿಪಿಎಫ್ ಇದೆಯೇ? ಹೊಗೆಯ ಮಸಿ ಹಿಡಿಯುವ ಆ ಫಿಲ್ಟರ್ ಕಾದರೆ ಮಾತ್ರ ಮಸಿ ಸುಟ್ಟುಹೋಗುತ್ತದೆ. ತೋಟ–ಅಂಗಳ ಎಂದು ದಿನವಿಡೀ ಗಿರಕಿ ಹೊಡೆದರೆ ಕಟ್ಟಿಕೊಳ್ಳುತ್ತದೆ. ಶಿರಸಿ ಪೇಟೆಗೆ, ಘಟ್ಟದ ಕೆಳಗೆ ಕುಮಟೆಗೆ ಆಗಾಗ ಓಡುವವರಿಗೆ ಆ ತೊಂದರೆ ಕಡಿಮೆ. ನನ್ನ ಲೆಕ್ಕದಲ್ಲಿ, ಅರ್ಧ ಟನ್ ಲೋಡು, ಹತ್ತಿರದ ಓಡಾಟವಾದರೆ ಪೆಟ್ರೋಲ್ ಸಾಕು. ಟನ್ ದಾಟಿದರೆ ಟರ್ಬೊ ಡೀಸೆಲ್ಲೇ ಸರಿ.

ಕೊನೆಗೆ ಟ್ರಯಲ್. ಷೋರೂಮಿನ ಮುಂದಿನ ಡಾಂಬರು ರಸ್ತೆಯಲ್ಲಿ ಬೇಡ. ಗಾಡಿ ಮನೆಗೆ ತರಿಸಿ, ಲೋಡು ಹಾಕಿ, ಏರಿನ ನಡುವೆ ನಿಲ್ಲಿಸಿ ಮತ್ತೆ ಎಬ್ಬಿಸಲು ಹೇಳಿ. ಕ್ಲಚ್ ಸುಟ್ಟ ವಾಸನೆ ಬಂದರೆ ಆ ಗಾಡಿ ನಿಮ್ಮ ತೋಟಕ್ಕಲ್ಲ. ವರ್ಷಕ್ಕೆ ಕೊನೆ ಕೊಯ್ಲಿನ ಕೆಲವೇ ದಿನದ ಕೆಲಸವಾದರೆ ಟಿಲ್ಲರ್ ಟ್ರೈಲರ್ ಬಾಡಿಗೆಗೆ ಹಿಡಿಯುವುದೇ ಅಗ್ಗ.