ಕ್ಷಯದ ಪತ್ತೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಜಯನಗರಕ್ಕೆ ಸಮೀಪವಾದ ಸೋಮೇಶ್ವರ ನಗರದಲ್ಲಿ, ಎದೆಯ ರೋಗಗಳಿಗೆಂದೇ ಮೀಸಲಾದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಯಿದೆ. ಹಳಬರ ಬಾಯಲ್ಲಿ ಅದು ಟಿ.ಬಿ. ಆಸ್ಪತ್ರೆ. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಗಳು ಬರುವ ಮುನ್ನ ಕ್ಷಯಪೀಡಿತರಿಗೆ ಊರಾಚೆಯ ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ ಇವೇ ಚಿಕಿತ್ಸೆಯಾಗಿದ್ದುವು. ಇಂದು ಸಾಮಾನ್ಯ ಶ್ವಾಸಕೋಶದ ಕ್ಷಯವು ಆರು ತಿಂಗಳ ಔಷಧದಿಂದ ವಾಸಿಯಾಗುತ್ತದೆ. ಆದರೆ ರೋಗವು ಕ್ಷಯವೇ ಎಂದು ತಿಳಿಯುವವರೆಗೆ ಆ ಔಷಧವನ್ನು ಕೊಡುವವರಾರು?

ಕ್ಷಯಕ್ಕೆ ಕಾರಣವಾದ ದಂಡಾಣುವನ್ನು ತಾನು ಕಂಡುದಾಗಿ ಜರ್ಮನಿಯ ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದನು. ಅಲ್ಲಿಂದ ನೂರಕ್ಕೂ ಹೆಚ್ಚು ವರ್ಷಗಳ ಕಾಲ ರೋಗಿಯ ಕಫಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಮುಖ್ಯ ಪರೀಕ್ಷೆಯಾಗಿತ್ತು. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಅಣುಜೀವಿಗಳು ಕಾಣುತ್ತವೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಅವು ಐದರಿಂದ ಹತ್ತು ಸಾವಿರದಷ್ಟಾದರೂ ಇಲ್ಲದಿದ್ದರೆ ಕಣ್ಣಿಗೆ ಬೀಳುವುದು ಕಷ್ಟ. ಅವನ್ನು ನಳಿಗೆಯಲ್ಲಿ ಬೆಳೆಸಿ ನೋಡಬಹುದು, ನಿಜ. ಆದರೆ ಈ ಜೀವಿ ಬಹಳ ನಿಧಾನ. ಕರುಳಿನ ಸಾಮಾನ್ಯ ಅಣುಜೀವಿ ಇಪ್ಪತ್ತು ನಿಮಿಷಗಳಲ್ಲಿ ಎರಡಾದರೆ, ಕ್ಷಯದ ಅಣುಜೀವಿಗೆ ಸುಮಾರು ಇಪ್ಪತ್ತು ಗಂಟೆ ಬೇಕು. ಘನಮಾಧ್ಯಮದಲ್ಲಿ ಬೆಳೆದು ಫಲಿತಾಂಶ ಬರಲು ಆರರಿಂದ ಎಂಟು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ, ಒಂದೇ ಕೋಣೆಯಲ್ಲಿ ಮಲಗುವ ಮನೆಮಂದಿಯ ಗತಿಯೇನು?

ತಡವಾಗುವುದಕ್ಕೆ ರೋಗಿಯ ಅಲಕ್ಷ್ಯವೇ ಕಾರಣವೆಂದು ಹಿಂದೆ ಹಲವರು ನಂಬಿದ್ದರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿ, 1963ರಲ್ಲಿ ಬೇರೆಯೇ ಸಂಗತಿಯನ್ನು ಪ್ರಕಟಿಸಿದರು. ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿಗೆ ಹೋಗಿ ಬಂದಿದ್ದರು. ಅವರಿಗೆ ದೊರೆತದ್ದು ಬಹುಮಟ್ಟಿಗೆ ಕೆಮ್ಮಿನ ಔಷಧದ ಸೀಸೆ!

ಈ ವಿಳಂಬವನ್ನು ಕುಗ್ಗಿಸಲು ನೆರವಾದುದು ಅಣುಮಟ್ಟದ ಪರೀಕ್ಷೆ. ಪ್ರತಿಯೊಂದು ಜೀವಿಗೂ ಅದರದೇ ಆದ ಡಿ.ಎನ್.ಎ. ಉಂಟು. ಅದರ ಒಂದು ತುಣುಕನ್ನು ಪ್ರಯೋಗಶಾಲೆಯಲ್ಲಿ ಇಮ್ಮಡಿಗೊಳಿಸುತ್ತ ಹೋಗುವ ಉಪಾಯವನ್ನು ಅಮೆರಿಕದ ಕೇರಿ ಮುಲ್ಲಿಸ್ 1983ರಲ್ಲಿ ಕಂಡುಹಿಡಿದನು. ಕಾಯಿಸಿದಾಗ ಡಿ.ಎನ್.ಎ.ಯ ಎರಡು ಎಳೆಗಳು ಬೇರೆಯಾಗುತ್ತವೆ. ತಣಿಸಿದಾಗ ಒಂದೊಂದು ಎಳೆಗೂ ಹೊಸ ಜೊತೆ ಹುಟ್ಟುತ್ತದೆ. ಹೀಗೆ ಮೂವತ್ತು ಸಲ ಇಮ್ಮಡಿಸಿದರೆ ಒಂದೇ ತುಣುಕು 107 ಕೋಟಿಯಾಗುತ್ತದೆ. ವಿದ್ಯಾರ್ಥಿಗಳು ಇದನ್ನು ಲೆಕ್ಕಮಾಡಿ ನೋಡಬಹುದು. ಆಗ ಬೆಳಕು ಸೂಸುವ ರಾಸಾಯನಿಕವು ಅದರ ಇರವನ್ನು ಯಂತ್ರಕ್ಕೆ ತಿಳಿಸುತ್ತದೆ.

2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜೀನ್‌ಎಕ್ಸ್‌ಪರ್ಟ್ ಎಂಬ ಯಂತ್ರದ ಪರೀಕ್ಷೆಗೆ ಮನ್ನಣೆ ನೀಡಿತು. ಸಂಸ್ಕರಿಸಿದ ಕಫವನ್ನು ಒಂದು ಪುಟ್ಟ ಪೆಟ್ಟಿಗೆಗೆ ತುಂಬಿ ಯಂತ್ರದಲ್ಲಿಟ್ಟರೆ ಸುಮಾರು ಎರಡು ಗಂಟೆಗಳಲ್ಲಿ ಉತ್ತರ ಸಿದ್ಧ. ಅಷ್ಟೇ ಅಲ್ಲ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ರೋಗಾಣುವು ಬಗ್ಗುವುದೋ ಇಲ್ಲವೋ ಎಂಬುದನ್ನೂ, ಒಂದು ಜೀನಿನಲ್ಲಿ ಆಗಿರುವ ಮಾರ್ಪಾಡನ್ನು ನೋಡಿ, ಅದು ಹೇಳಬಲ್ಲದು. ಫಲವಿಲ್ಲದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವ ಕಷ್ಟ ಇದರಿಂದ ತಪ್ಪುತ್ತದೆ.

ಆದರೆ ಆ ಯಂತ್ರಕ್ಕೆ ಎಡೆಬಿಡದ ವಿದ್ಯುತ್ತು ಬೇಕು, ಬಿಸಿಲು ಧೂಳು ಒಗ್ಗವು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇದೆಲ್ಲ ಸುಲಭವೆ? ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯೂ ಗೋವೆಯ ಮೋಲ್‌ಬಯೋ ಸಂಸ್ಥೆಯೂ ಇದಕ್ಕೆ ಉತ್ತರವಾಗಿ ಟ್ರೂನ್ಯಾಟ್ ಎಂಬ ಉಪಕರಣವನ್ನು ರೂಪಿಸಿದುವು. ಅದು ಬ್ಯಾಟರಿಯಿಂದಲೂ ನಡೆಯುವುದು. ಪರೀಕ್ಷೆಯು ಒಂದು ಸಣ್ಣ ಚಿಪ್ಪಿನ ಮೇಲೆ ಜರುಗುವುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅದನ್ನೂ ಒಪ್ಪಿತು.

ಇಷ್ಟಾದರೂ ಪರೀಕ್ಷೆಯು ಕೈಗೆ ಬಂದ ಕಫವನ್ನೇ ಅವಲಂಬಿಸಿದೆ. ಎದೆಯಾಳದಿಂದ ಕೆಮ್ಮಿ ತೆಗೆದ ಕಫದ ಬದಲು ಬರಿಯ ಎಂಜಲನ್ನು ಕೊಟ್ಟರೆ ಯಂತ್ರವೇನು ಮಾಡೀತು? ಸಣ್ಣ ಮಕ್ಕಳಿಗಂತೂ ಕಫ ತೆಗೆಯಲೇ ಬಾರದು. ಇನ್ನೊಂದು ತೊಡಕೂ ಇದೆ: ಸತ್ತ ಅಣುಜೀವಿಯ ಡಿ.ಎನ್.ಎ.ಯೂ ಯಂತ್ರಕ್ಕೆ ಕಾಣುತ್ತದೆ. ಆದುದರಿಂದ ಚಿಕಿತ್ಸೆಯಲ್ಲಿರುವ ರೋಗಿಯು ಗುಣವಾಗುತ್ತಿರುವನೇ ಎಂದು ತಿಳಿಯಲು ವೈದ್ಯರು ಈಗಲೂ ಸೂಕ್ಷ್ಮದರ್ಶಕವನ್ನೂ ಅಣುಜೀವಿಗಳನ್ನು ಬೆಳೆಸಿ ನೋಡುವ ವಿಧಾನವನ್ನೂ ಆಶ್ರಯಿಸುತ್ತಾರೆ.